ಹಿತ್ತಲಿನ ಲಾವಂಚದಿಂದ ಪರಿಮಳದ ಕೈಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಲಾವಂಚ ನೆಟ್ಟವರು ಬಹಳ ಮಂದಿ ಇದ್ದಾರೆ. ಅದರಿಂದ ಏನನ್ನಾದರೂ ಮಾಡಿಕೊಂಡವರು ಕಡಿಮೆ. ಬೇಲಿಯ ಮೂಲೆಯಲ್ಲಿ ಒಂದು ಬುಡ ಆಳೆತ್ತರಕ್ಕೆ ಬೆಳೆದು ನಿಂತಿರುತ್ತದೆ, ಮನೆಯವರು ಮಾತ್ರ ಪೇಟೆಯಿಂದ ಕೃತಕ ಸುವಾಸನೆಯ ಪೊಟ್ಟಣಗಳನ್ನು ತಂದು ಬೀರುವಿನಲ್ಲಿ ಇಡುತ್ತಿರುತ್ತಾರೆ. ಇದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಯಂತ್ರ, ಅಂಟು, ಬಣ್ಣ ಯಾವುದೂ ಬೇಡದ, ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸಗಳನ್ನಷ್ಟೇ ಇಲ್ಲಿ ಹೇಳಿದ್ದೇನೆ. ಲಾವಂಚದ ಪರಿಮಳ ಏಳುವುದು ತೇವ ತಾಗಿದಾಗ. ಆದ್ದರಿಂದ ಆಗಾಗ ನೀರು ಮುಟ್ಟಿಸಲು ಬರುವಂಥ ವಸ್ತುಗಳೇ ಅದಕ್ಕೆ ತಕ್ಕವು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಂದಿನ ಉತ್ತರಗಳನ್ನೆಲ್ಲ ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ನಮ್ಮ ಹಿತ್ತಲಿನಲ್ಲಿರುವುದು ಲಾವಂಚವೇ ಎಂದು ತಿಳಿಯುವುದು ಹೇಗೆ?

ಒಂದು ಎಲೆ ಕಿತ್ತು ಹೊಸಕಿ ಮೂಸಿ ನೋಡಿ. ನಿಂಬೆಯ ವಾಸನೆ ಬಂದರೆ ಅದು ಮಜ್ಜಿಗೆ ಹುಲ್ಲು. ಲಾವಂಚದ ಎಲೆಗೆ ಬರಿಯ ಹುಲ್ಲಿನ ವಾಸನೆ, ಬೇರೇನೂ ಇಲ್ಲ. ಪರಿಮಳವೆಲ್ಲ ಬೇರಿನಲ್ಲಿ. ಬುಡದ ಪಕ್ಕದ ಮಣ್ಣನ್ನು ಸ್ವಲ್ಪ ಕೆದಕಿ, ಎರಡು ಎಳೆ ಬೇರು ತೆಗೆದು, ತೊಳೆದು, ಅಂಗೈಯಲ್ಲಿ ಉಜ್ಜಿ. ಮೊದಲ ಮಳೆಗೆ ನೆನೆದ ಮಣ್ಣಿನ ಘಮದೊಂದಿಗೆ ತುಸು ಸಿಹಿ, ತುಸು ಕಟ್ಟಿಗೆಯ ವಾಸನೆ ಸೇರಿ ಬಂದರೆ ಅನುಮಾನವೇ ಬೇಡ.

ಬೇರನ್ನು ಯಾವಾಗ ಅಗೆಯಬೇಕು?

ನೆಟ್ಟು 15ರಿಂದ 20 ತಿಂಗಳಾದ ಬುಡ ಒಳ್ಳೆಯದು. ಮಳೆಗಾಲದ ಆರಂಭದಲ್ಲಿ ನೆಟ್ಟಿದ್ದರೆ ಮರುವರ್ಷದ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಅಗೆಯಿರಿ. ಆಗ ಮಣ್ಣು ಒಣಗಿರುತ್ತದೆ, ಬೇರಿನ ಎಣ್ಣೆಯ ಅಂಶವೂ ಚೆನ್ನಾಗಿರುತ್ತದೆ. ತೀರ ಎಳೆಯ ಬೇರು ಬೆಳ್ಳಗಿರುತ್ತದೆ, ಒಣಗಿದಾಗ ಸೊರಗಿಹೋಗುತ್ತದೆ, ಅದರ ಹಸಿ ಹುಲ್ಲಿನ ವಾಸನೆಯೂ ಹೋಗುವುದಿಲ್ಲ. ಬಹಳ ವರ್ಷ ಬಿಟ್ಟರೆ ಬೇರು ಕಡ್ಡಿಯಂತಾಗಿ ಹೆಣೆಯಲು ಬಗ್ಗುವುದಿಲ್ಲ. ಅಗೆಯುವ ಹಿಂದಿನ ದಿನ ಬುಡಕ್ಕೆ ಒಂದೆರಡು ಕೊಡ ನೀರು ಹಾಕಿಟ್ಟರೆ ಬೇರು ತುಂಡಾಗದೆ ಬರುತ್ತದೆ.

ಬೇರು ಬಹಳ ಆಳಕ್ಕೆ ಹೋಗುತ್ತದಂತೆ. ಇಡೀ ಹಿತ್ತಲನ್ನೇ ಅಗೆಯಬೇಕೇ?

ಆಳಕ್ಕೆ ಹೋಗುವುದು ನಿಜ. ಸಡಿಲ ಮಣ್ಣಿನಲ್ಲಿ 3 ಮೀಟರಿಗೂ ಹೆಚ್ಚು ಇಳಿಯುತ್ತದೆ. ಆದರೆ ಅಡ್ಡಕ್ಕೆ ಹರಡುವುದು ಕಡಿಮೆ, ನೇರವಾಗಿ ಕೆಳಕ್ಕೇ ಇಳಿಯುತ್ತದೆ. ಈ ಗುಣದಿಂದಲೇ ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುಗಳ ಮೇಲೆ ಇದನ್ನು ನೆಟ್ಟುಕೊಂಡು ಬಂದಿದ್ದಾರೆ. ಪಕ್ಕದ ಬೆಳೆಗೆ ತೊಂದರೆ ಕೊಡದೆ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಪರವಾಗಿ ಭಾರತದಲ್ಲಿ ಕೆಲಸ ಮಾಡಿದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣಿನ ಸವಕಳಿ ತಡೆಯಲು ಲಾವಂಚದ ಬೇಲಿಯನ್ನು ಲೋಕಕ್ಕೆಲ್ಲ ಪರಿಚಯಿಸಿದರು. ನಮ್ಮ ರೈತರಿಗೆ ಅದು ಹೊಸ ವಿಷಯವಾಗಿರಲಿಲ್ಲ.

ಕೈಕೆಲಸಕ್ಕೆ ಮೇಲಿನ ಒಂದೂವರೆ ಎರಡು ಅಡಿಯ ಬೇರು ಸಾಕು. ಬುಡದ ಸುತ್ತ ಒಂದು ಅಡಿ ದೂರದಲ್ಲಿ ಗುದ್ದಲಿಯಿಂದ ವೃತ್ತ ಹಾಕಿಕೊಂಡು ಅಗೆಯಿರಿ. ಇದೂ ಕಷ್ಟ ಎನ್ನುವವರು ಮೊದಲೇ ಎತ್ತರದ ಗೋಣಿಚೀಲದಲ್ಲೋ ತಳವಿಲ್ಲದ ಹಳೆಯ ಡ್ರಮ್ಮಿನಲ್ಲೋ ನೆಡುವುದು ಲೇಸು. ಅರ್ಧ ಮರಳು, ಉಳಿದರ್ಧ ಮಣ್ಣು ಮತ್ತು ಗೊಬ್ಬರ. ಬೇರು ಬೇಕಾದಾಗ ಚೀಲವನ್ನು ಕುಯ್ದು, ಪೈಪಿನ ನೀರು ಬಿಟ್ಟರೆ ಮಣ್ಣು ಕರಗಿಹೋಗಿ ಉದ್ದನೆಯ ಎಳೆಗಳು ಇಡಿಯಾಗಿ ಸಿಗುತ್ತವೆ. ತಾರಸಿಯಲ್ಲಿ ಗಿಡ ಬೆಳೆಸುವವರಿಗೂ ಇದೇ ದಾರಿ.

ಎರಡು ಮಾತನ್ನು ದಯವಿಟ್ಟು ಪಾಲಿಸಿ. ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ, ಇಳಿಜಾರಿನಲ್ಲಿ ಇರುವ ಲಾವಂಚವನ್ನು ಅಗೆಯಬೇಡಿ. ಅಲ್ಲಿ ಅದು ಮಣ್ಣನ್ನು ಕಾಯುತ್ತಿದೆ. ಹಿತ್ತಲಿನದನ್ನು ಅಗೆದ ದಿನವೇ ಮರಿಗಳನ್ನು ಬಿಡಿಸಿ, ಎಲೆಯನ್ನು ಗೇಣುದ್ದಕ್ಕೆ, ಬೇರನ್ನು ಎರಡು ಮೂರು ಅಂಗುಲಕ್ಕೆ ಕತ್ತರಿಸಿ, ಅದೇ ಗುಂಡಿಗೆ ಮರಳಿ ನೆಡಿ. ನಮ್ಮ ಕಡೆಯ ತಳಿಗಳು ಬೀಜದಿಂದ ಹುಟ್ಟುವುದಿಲ್ಲ, ಮರಿಯಿಂದಲೇ ಮುಂದುವರಿಯಬೇಕು.

ತೊಳೆದು ಒಣಗಿಸುವ ಸರಿಯಾದ ಕ್ರಮ ಯಾವುದು?

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ ಕೆಲಸ ಇದು. ಇದನ್ನು ಅವಸರದಲ್ಲಿ ಮುಗಿಸಿದರೆ ಮುಂದೆ ಯಾವ ಕೈಚಳಕವೂ ಕಾಪಾಡುವುದಿಲ್ಲ.

ಮೊದಲು ಬುಡವನ್ನು ಹಿಡಿದು ಕೊಡವಿ. ಒಣಮಣ್ಣು ಉದುರಿದ ಮೇಲೆ ದೊಡ್ಡ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ರಾತ್ರಿಯಿಡೀ ಬಿಡಬೇಡಿ, ಹುಳಿ ವಾಸನೆ ಹಿಡಿಯುತ್ತದೆ. ಆಮೇಲೆ ತಲೆಗೂದಲನ್ನು ತೊಳೆಯುವ ಹಾಗೆ ಬೆರಳುಗಳನ್ನು ಎಳೆಗಳ ನಡುವೆ ಇಳಿಸುತ್ತ, ಮೇಲಿನಿಂದ ಕೆಳಕ್ಕೆ ಜಾಲಾಡಿ. ಬುಡಕ್ಕೆ ಅಂಟಿಕೊಂಡ ಜಾಗದಲ್ಲಿ, ಎಳೆಗಳು ಒಂದರ ಮೇಲೊಂದು ಹೆಣೆದುಕೊಂಡ ಕಡೆಯಲ್ಲಿ, ಸಾಸಿವೆ ಗಾತ್ರದ ಕಲ್ಲುಗಳು ಸಿಕ್ಕಿಕೊಂಡಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಾಗುತ್ತವೆ. ಒಂದೊಂದನ್ನೂ ಹಿಂಡಿ ತೆಗೆಯಬೇಕು. ಮೈ ಉಜ್ಜುವ ಉಂಡೆಯೊಳಗೆ ಅಂಥ ಒಂದು ಹರಳು ಉಳಿದರೂ ಚರ್ಮ ಗೀರಿಹೋಗುತ್ತದೆ. ನೀರು ಬದಲಿಸುತ್ತ ಹೋಗಿ. ಬಕೆಟ್ಟಿನ ತಳ ಕಾಣುವಷ್ಟು ನೀರು ತಿಳಿಯಾದ ಮೇಲೆ ನಿಲ್ಲಿಸಿ. ಸೋಪು, ಸೋಡಾ, ಬಟ್ಟೆ ಪುಡಿ ಯಾವುದೂ ಬೇಡ.

ತೊಳೆದ ಬೇರನ್ನು ಬುಡದಿಂದ ಕತ್ತರಿಸಿ, ಮೂರು ಪಾಲು ಮಾಡಿಕೊಳ್ಳಿ. ಉದ್ದನೆಯ ದಪ್ಪ ಎಳೆ ಬೀಸಣಿಗೆಗೂ ಜಡೆಗೂ. ತೆಳ್ಳಗಿನ ಸಿಕ್ಕು ಸಿಕ್ಕಾದ ಎಳೆ ಸಿಂಬೆಗೂ ಮೈ ಉಜ್ಜುವ ಉಂಡೆಗೂ. ತುಂಡು ಚೂರುಗಳು ಬಟ್ಟೆಯ ಚೀಲಕ್ಕೆ. ಚೂರನ್ನು ಎಸೆಯುವ ಮಾತೇ ಇಲ್ಲ, ಅದರಲ್ಲೂ ಪರಿಮಳ ಅಷ್ಟೇ ಇದೆ.

ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಕಡೆ, ಚಾಪೆಯ ಮೇಲೆ ತೆಳುವಾಗಿ ಹರಡಿ. ದಿನಕ್ಕೆರಡು ಸಲ ಮಗುಚಿಹಾಕಿ. ಸುಡುಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಜೊತೆಗೆ ಘಮವೂ ಹಾರಿಹೋಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ದಪ್ಪ ಎಳೆಯನ್ನು ಚೂಪಾಗಿ ಬಗ್ಗಿಸಿದರೆ ಟಕ್ಕೆಂದು ಸದ್ದಾಗುವ ಹದಕ್ಕೆ ಬರುತ್ತದೆ. ಆಗ ಕಾಗದದ ಚೀಲದಲ್ಲೋ ಹತ್ತಿಬಟ್ಟೆಯ ಗಂಟಿನಲ್ಲೋ ಕಟ್ಟಿಡಿ. ಪ್ಲಾಸ್ಟಿಕ್ ಬೇಡ.

ಹಿತ್ತಲು ಇಲ್ಲದವರು ಏನು ಮಾಡಬೇಕು?

ಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಕೆಲವು ಕಡೆ ಮುಡಿವಾಳ ಎಂದು ಕೇಳಬೇಕಾಗಬಹುದು. ಕೊಳ್ಳುವಾಗ ಒಂದು ಎಚ್ಚರಿಕೆ: ಎಣ್ಣೆ ತೆಗೆದು ಉಳಿದ ಬೇರೂ ಮಾರುಕಟ್ಟೆಗೆ ಬರುತ್ತದೆ. ನೋಡಲು ಹೆಚ್ಚು ವ್ಯತ್ಯಾಸವಿರುವುದಿಲ್ಲ. ನಾಲ್ಕು ಎಳೆ ಕೇಳಿ ತೆಗೆದುಕೊಂಡು, ಒದ್ದೆ ಮಾಡಿ, ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದಿಟ್ಟು ಮೂಸಿ. ಎಣ್ಣೆ ತೆಗೆದ ಬೇರು ಒದ್ದೆಯಾದ ಮೇಲೂ ಬರಿಯ ಹುಲ್ಲಿನಂತೆಯೇ ಇರುತ್ತದೆ. ಒಣಗಿದ್ದಾಗಲೇ ಮೂಗಿಗೆ ಹೊಡೆಯುವಷ್ಟು ವಾಸನೆ ಇದ್ದರೆ ಮೇಲೆ ಏನೋ ಸಿಂಪಡಿಸಿದ್ದಾರೆ ಎಂದು ತಿಳಿಯಿರಿ. ಒಳ್ಳೆಯ ಲಾವಂಚದ ಪರಿಮಳ ಒಣಗಿದ್ದಾಗ ಮೆತ್ತಗಿರುತ್ತದೆ, ನೆನೆದಾಗ ಏಳುತ್ತದೆ.

ಮೊದಲ ಸಲ ಮಾಡುವವರಿಗೆ ಯಾವುದು ಸುಲಭ?

ಬಟ್ಟೆಯ ಚೀಲ. ಮಕ್ಕಳೂ ಮಾಡಬಹುದು. ಹಳೆಯ ಹತ್ತಿ ಸೀರೆಯೋ ಪಂಚೆಯೋ ಇದ್ದರೆ ಅದರ ಮೆತ್ತನೆಯ ಭಾಗದಿಂದ ಅಂಗೈ ಅಗಲದ ಎರಡು ತುಂಡು ಕತ್ತರಿಸಿ, ಮೂರು ಬದಿ ಹೊಲಿದು, ಒಂದು ಹಿಡಿ ಬೇರಿನ ಚೂರು ತುಂಬಿ, ನಾಲ್ಕನೆಯ ಬದಿಯನ್ನು ದಾರದಿಂದ ಕಟ್ಟಿ. ಹೊಲಿದು ಮುಚ್ಚಬೇಡಿ, ಮುಂದೆ ಬಿಚ್ಚಿ ಒಣಗಿಸಬೇಕಾಗುತ್ತದೆ. ಪಾಲಿಯೆಸ್ಟರ್ ಬಟ್ಟೆ ಕೂಡದು, ತೇವವೂ ಗಾಳಿಯೂ ಆಡುವುದಿಲ್ಲ.

ಲಾವಂಚದ ಜೊತೆಗೆ ಬೇರೆ ಏನನ್ನಾದರೂ ಸೇರಿಸಬಹುದೇ ಎಂದು ಹಲವರು ಕೇಳುತ್ತಾರೆ. ಒಣಗಿಸಿದ ದವನ ಬಹಳ ಚೆನ್ನಾಗಿ ಹೊಂದುತ್ತದೆ. ಒಣಗಿದ ಮೇಲೂ ಅದರ ಹಣ್ಣಿನಂಥ ಸಿಹಿ ವಾಸನೆ ಉಳಿಯುತ್ತದೆ, ಲಾವಂಚದ ಮಣ್ಣಿನ ಘಮಕ್ಕೆ ಅದು ಬೆಳಕು ಕೊಟ್ಟ ಹಾಗಾಗುತ್ತದೆ. ಮರುಗವೂ ಆದೀತು. ಮಲ್ಲಿಗೆ ಬೇಡ, ಒಣಗಿದ ಮಲ್ಲಿಗೆಯಲ್ಲಿ ಏನೂ ಉಳಿದಿರುವುದಿಲ್ಲ. ಚಕ್ಕೆ ಲವಂಗ ಹಾಕಿದರೆ ಅವೇ ಮೇಲುಗೈಯಾಗಿ ಬೀರು ಮಸಾಲೆ ಡಬ್ಬಿಯಾಗುತ್ತದೆ.

ಬೀರುವಿನೊಳಗೆ ಒದ್ದೆ ಚೀಲ ಇಡುವಂತಿಲ್ಲವಲ್ಲ, ತೇವದ ಮಾತೇನಾಯಿತು ಎಂದರೆ: ತಿಂಗಳಿಗೊಮ್ಮೆ ಚೀಲವನ್ನು ಹೊರತೆಗೆದು, ನೀರು ಚಿಮುಕಿಸಿ, ನೆರಳಿನಲ್ಲಿ ಪೂರ್ತಿ ಆರಿಸಿ ಮತ್ತೆ ಒಳಗಿಡಿ. ಆರುತ್ತ ಆರುತ್ತ ಪರಿಮಳ ತಾಜಾ ಆಗುತ್ತದೆ.

ಬಟ್ಟೆಗೆ ಹುಳು ಬೀಳದಂತೆ ಲಾವಂಚ ತಡೆಯುತ್ತದೆಯೇ?

ಹಿರಿಯರು ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಇಡುತ್ತಿದ್ದುದು ಸುಮ್ಮನೆ ಅಲ್ಲ. ಲಾವಂಚದ ಎಣ್ಣೆಯಲ್ಲಿ ಕೀಟಗಳಿಗೆ ಆಗದ ಅಂಶಗಳಿವೆ. ಗೆದ್ದಲನ್ನು ಅದು ದೂರವಿಡುತ್ತದೆ ಎಂದು ಅಮೆರಿಕದ ಲೂಸಿಯಾನದ ಸಂಶೋಧಕರು 2001ರಲ್ಲಿ ಪ್ರಕಟಿಸಿದರು. ಆದರೆ ಅವರು ಪರೀಕ್ಷಿಸಿದ್ದು ಎಣ್ಣೆಯನ್ನು. ಚೀಲದಲ್ಲಿನ ಬೇರು ಅಷ್ಟು ತೀಕ್ಷ್ಣವಲ್ಲ. ಆಗಲೇ ಹುಳು ಬಿದ್ದ ಬೀರುವನ್ನು ಖಾಲಿ ಮಾಡಿ, ಒರೆಸಿ, ಬಟ್ಟೆಗಳನ್ನು ಬಿಸಿಲಿಗೆ ಹಾಕದೆ ಬೇರೆ ದಾರಿಯಿಲ್ಲ. ಶುಚಿಯಾದ ಬೀರುವಿನಲ್ಲಿ ಲಾವಂಚ ಒಳ್ಳೆಯ ಕಾವಲು.

ಮನೆಯಲ್ಲಿ ಹಸುಗೂಸು ಇದ್ದರಂತೂ ನುಸಿಗುಳಿಗೆಯ ಬದಲು ಲಾವಂಚವನ್ನೇ ಇಡಿ ಎಂದು ಒತ್ತಿ ಹೇಳುತ್ತೇನೆ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳ ರಕ್ತಕಣಗಳನ್ನು ಒಡೆಯಬಲ್ಲದು. ಆ ಕೊರತೆ ಇರುವುದು ಹೊರನೋಟಕ್ಕೆ ತಿಳಿಯುವುದಿಲ್ಲ.

ಮಡಕೆಯ ಕೆಳಗೆ ಇಡುವ ಲಾವಂಚದ ಸಿಂಬೆ ಮಾಡುವುದು ಹೇಗೆ?

ಲಾವಂಚದ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಮಣ್ಣಿನ ಮಡಕೆ ಬೇಸಗೆಯಲ್ಲಿ ಬೆವರುತ್ತದೆ, ಅದರ ತಳ ಸದಾ ತೇವ. ಆ ತೇವವೇ ಸಿಂಬೆಗೆ ತಾಗಿ ದಿನವಿಡೀ ಸಣ್ಣಗೆ ಘಮ ಬರುತ್ತಿರುತ್ತದೆ. ನಾವು ನೀರು ಚಿಮುಕಿಸುವ ಅಗತ್ಯವೇ ಇಲ್ಲ.

ಬೇರನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ. ಸಿಕ್ಕು ಎಳೆಗಳನ್ನು ಹೆಬ್ಬೆರಳು ದಪ್ಪದ ಎರಡು ಕಂತೆ ಮಾಡಿ. ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೋ ಕಿಟಕಿಯ ಸರಳಿಗೋ ಕಟ್ಟಿ, ಎರಡೂ ಕಂತೆಗಳನ್ನು ಬಲಕ್ಕೆ ತಿರುಚುತ್ತ, ಒಂದನ್ನೊಂದು ಎಡಕ್ಕೆ ಸುತ್ತುತ್ತ ಹುರಿ ಹೊಸೆಯಿರಿ. ಹೀಗೆ ವಿರುದ್ಧ ದಿಕ್ಕಿಗೆ ಸುತ್ತಿದರೆ ಮಾತ್ರ ಹುರಿ ಬಿಚ್ಚಿಕೊಳ್ಳುವುದಿಲ್ಲ. ಒಂದು ಕಂತೆ ತೆಳುವಾಗುತ್ತ ಬಂದ ಕಡೆ ಹೊಸ ಎಳೆಗಳನ್ನು ಒಳಗೆ ಸೇರಿಸುತ್ತ ಹೋಗಿ. ಎರಡೂ ಕಂತೆಗೆ ಒಂದೇ ಜಾಗದಲ್ಲಿ ಸೇರಿಸಬೇಡಿ, ಅಲ್ಲಿ ಗಂಟು ಬೀಳುತ್ತದೆ.

ಹುರಿ ಎರಡು ಮಾರು ಉದ್ದವಾದಾಗ ಮಡಕೆಯ ತಳದ ಅಳತೆಗೆ ಉಂಗುರದಂತೆ ಸುತ್ತಿ. ಎರಡನೆಯ ಸುತ್ತನ್ನು ಮೊದಲ ಸುತ್ತಿನ ಮೇಲೆ ಅಲ್ಲ, ಹೊರಗೆ ಕೂರಿಸಿ. ಆಗ ನಡುವೆ ತಗ್ಗಾಗಿ ಮಡಕೆ ಅಲುಗಾಡದೆ ಕೂರುತ್ತದೆ. ಕೊನೆಯ ತುದಿಯನ್ನು ಒಳಕ್ಕೆ ತುರುಕಿ, ಎರಡೆರಡು ಬೆರಳಿನ ಅಂತರದಲ್ಲಿ ತೆಂಗಿನ ನಾರಿನ ಸಣ್ಣ ಹುರಿಯಿಂದ ಬಿಗಿಯಾಗಿ ಕಟ್ಟುತ್ತ ಬನ್ನಿ. ಇಲ್ಲಿ ಹತ್ತಿ ದಾರವೂ ಬಾಳೆನಾರೂ ನಡೆಯುವುದಿಲ್ಲ, ಸದಾ ತೇವದಲ್ಲಿದ್ದರೆ ಬೇಗ ಕೊಳೆಯುತ್ತವೆ. ತೆಂಗಿನ ನಾರು ನೀರಿಗೆ ಜಗ್ಗುವುದಿಲ್ಲ.

ಎರಡು ಸಿಂಬೆ ಮಾಡಿಕೊಳ್ಳಿ. ಒಂದು ಮಡಕೆಯ ಕೆಳಗಿರುವಾಗ ಇನ್ನೊಂದು ಒಣಗುತ್ತಿರಲಿ. ವಾರಕ್ಕೊಮ್ಮೆ ಬದಲಿಸಿದರೆ ಬೂಷ್ಟು ಬರುವುದಿಲ್ಲ.

ಮೈ ಉಜ್ಜುವ ಉಂಡೆ ಚರ್ಮಕ್ಕೆ ಒರಟಾಗುವುದಿಲ್ಲವೇ?

ಹೊಸದು ಒಣಗಿದ್ದಾಗ ಒರಟೇ. ಬಳಸುವ ಮುಂಚೆ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟರೆ ಮೆತ್ತಗಾಗುತ್ತದೆ. ಮಾಡುವುದು ಸುಲಭ: ತೀರ ತೆಳ್ಳನೆಯ ಎಳೆಗಳನ್ನು ಮುಷ್ಟಿಗಾತ್ರಕ್ಕೆ ಸುತ್ತಿ, ಉದ್ದನೆಯ ಒಂದೆರಡು ಎಳೆಗಳಿಂದಲೇ ಅಡ್ಡಡ್ಡ ಬಿಗಿದು, ದಪ್ಪ ಸೂಜಿಯಲ್ಲಿ ಹತ್ತಿ ದಾರ ಪೋಣಿಸಿ ಎಲ್ಲ ಕಡೆಯಿಂದಲೂ ಹಾಯಿಸಿ. ದಾರದ ಒಂದು ಕುಣಿಕೆ ಬಿಟ್ಟರೆ ನೇತುಹಾಕಲು ಅನುಕೂಲ. ಸ್ನಾನವಾದ ಮೇಲೆ ಹಿಂಡಿ, ಬಚ್ಚಲಿನ ಹೊರಗೆ ಗಾಳಿಗೆ ತೂಗುಹಾಕಿ. ಗಾಯ, ಕಜ್ಜಿ, ಇಸುಬು ಇರುವ ಚರ್ಮಕ್ಕೂ ಎಳೆಯ ಮಕ್ಕಳಿಗೂ ಬೇಡ. ಮುಖಕ್ಕೂ ಬೇಡ.

ಬೀಸಣಿಗೆ ಹೆಣೆಯಲು ಮಗ್ಗ ಬೇಕೇ?

ಬೇಡ. ಚಾಪೆ ನೇಯಲು ಮಗ್ಗ ಬೇಕು, ಬೀಸಣಿಗೆಗೆ ಒಂದು ಬಿದಿರು ಕಡ್ಡಿ ಸಾಕು. ಒಂದೂಕಾಲು ಅಡಿ ಉದ್ದದ, ಕಿರುಬೆರಳು ದಪ್ಪದ ಕಡ್ಡಿಯನ್ನು ಅರ್ಧದವರೆಗೆ ಸೀಳಿ. ಸೀಳು ಮುಂದುವರಿಯದಂತೆ ಅದು ಮುಗಿಯುವ ಕಡೆ ದಾರ ಸುತ್ತಿ ಬಿಗಿಯಿರಿ. ಒಂದು ಅಡಿ ಉದ್ದದ ಎಳೆಗಳನ್ನು, ಹತ್ತು ಹನ್ನೆರಡು ಎಳೆಗೆ ಒಂದು ಕಂತೆಯಂತೆ, ನಡುಭಾಗ ಸೀಳಿನಲ್ಲಿ ಬರುವ ಹಾಗೆ ಅಡ್ಡಲಾಗಿ ಇಡುತ್ತ ಬನ್ನಿ. ಎರಡೂ ಪಕ್ಕಕ್ಕೆ ಅರ್ಧರ್ಧ ಅಡಿ ಚಾಚಿರಬೇಕು. ಸೀಳು ತುಂಬಿದ ಮೇಲೆ ತುದಿಯನ್ನೂ ಬಿಗಿದು ಕಟ್ಟಿ.

ಇನ್ನು ಹೆಣೆಯುವುದು. ಉದ್ದನೆಯ ಹತ್ತಿ ದಾರವನ್ನು ನಡುವೆ ಮಡಿಸಿ ಮೊದಲ ಕಂತೆಗೆ ಸಿಕ್ಕಿಸಿ. ಈಗ ಕೈಯಲ್ಲಿ ಎರಡು ಎಳೆ ದಾರ. ಒಂದು ಕಂತೆಯ ಮೇಲೆ, ಇನ್ನೊಂದು ಕೆಳಗೆ ಹಾಯಿಸಿ, ಕಂತೆ ದಾಟಿದ ಕೂಡಲೇ ಎರಡನ್ನೂ ಒಂದು ಸಲ ತಿರುಚಿ ಮುಂದಿನ ಕಂತೆಗೆ ಹೋಗಿ. ಹೂ ಕಟ್ಟುವ ಕೈಗೆ ಇದು ಬಹುಬೇಗ ಒಗ್ಗುತ್ತದೆ. ಪ್ರತಿ ಪಕ್ಕಕ್ಕೂ ಮೂರು ಸಾಲು ಹೆಣೆದರೆ ಸಾಕು, ಹೆಚ್ಚಾದರೆ ಗಾಳಿ ಹಾಯುವುದಿಲ್ಲ. ದಾರವನ್ನು ಒಂದೇ ಸಮನೆ ಎಳೆಯಿರಿ. ಒಂದು ಕಡೆ ಬಿಗಿ ಒಂದು ಕಡೆ ಸಡಿಲವಾದರೆ ಬೀಸಣಿಗೆ ಸೊಟ್ಟಗಾಗಿ, ಬೀಸಿದಾಗ ಕೈ ನೋಯುತ್ತದೆ. ಕೊನೆಗೆ ಕತ್ತರಿಯಿಂದ ಅಂಚನ್ನು ದುಂಡಗೆ ಕತ್ತರಿಸಿ, ಹಳೆಯ ಸೀರೆಯ ಅಂಚಿನ ಪಟ್ಟಿಯನ್ನು ಸುತ್ತಲೂ ಮಡಿಸಿ ಹೊಲಿಯಿರಿ. ಮೈಸೂರು ಸೀರೆಯ ಜರಿ ಅಂಚಿನ ಚೂರು ಸಿಕ್ಕರೆ ಇಡೀ ಬೀಸಣಿಗೆಗೆ ಕಳೆ ಬರುತ್ತದೆ.

ಬಳಸುವಾಗ ನೀರು ಚಿಮುಕಿಸಿ ಬೀಸಿಕೊಳ್ಳಿ. ಕರೆಂಟು ಹೋದ ಏಪ್ರಿಲ್ ಮಧ್ಯಾಹ್ನಕ್ಕೆ ಇದಕ್ಕಿಂತ ಹಿತವಾದದ್ದನ್ನು ನಾನು ಕಂಡಿಲ್ಲ.

ಹಾರ, ತೋರಣ, ಗಣಪತಿ?

ಉತ್ತರ ಕನ್ನಡದಲ್ಲಿ ಇದನ್ನೇ ಕಸುಬಾಗಿ ಮಾಡುವವರಿದ್ದಾರೆ. ಹಾರಕ್ಕೆ ನೆನೆಸಿದ ಉದ್ದ ಎಳೆಗಳನ್ನು ಮೂರು ಕಾಲಿನ ಜಡೆ ಹೆಣೆದು, ಗೇಣಿಗೊಂದು ಕಡೆ ಬಾಳೆನಾರಿನಿಂದ ಕಟ್ಟಿ, ಕಟ್ಟಿದ ಕಡೆಯೆಲ್ಲ ಒಂದು ಕುಚ್ಚು ಬಿಡಿ. ದೇವರ ಪಟಕ್ಕೆ, ಬಾಗಿಲಿಗೆ, ಮದುವೆ ಮಂಟಪಕ್ಕೂ ಸೊಗಸು. ಹೂವಿನ ಹಾರದಂತೆ ಮರುದಿನ ಎಸೆಯಬೇಕಾಗಿಲ್ಲ. ಗಣಪತಿಯಂಥ ಮೂರ್ತಿಗಳನ್ನು ಪುಸ್ತಕ ಓದಿ ಕಲಿಯುವುದು ಕಷ್ಟ, ಬಲ್ಲವರ ಪಕ್ಕ ಕುಳಿತೇ ಕಲಿಯಬೇಕು.

ಕಿಟಕಿಗೆ ಲಾವಂಚದ ಪರದೆ ಹಾಕಿದರೆ ಮನೆ ತಂಪಾಗುತ್ತದೆಯೇ?

ಊರನ್ನು ನೋಡಿಕೊಂಡು ಹೇಳಬೇಕು. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ, ಪರದೆ ತಂಪು ಕೊಡುವುದು ಹಾಗೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಒಣಬಿಸಿಲಿನಲ್ಲಿ ಆವಿಯಾಗುವುದು ಜೋರು, ಅಲ್ಲಿ ಒದ್ದೆ ಪರದೆಯ ಹಿಂದೆ ಕುಳಿತರೆ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ. ಉತ್ತರ ಭಾರತದ ಬೇಸಗೆಯಲ್ಲಿ ಖಸ್ (ಲಾವಂಚದ ಹಿಂದಿ ಹೆಸರು) ತಟ್ಟಿಗಳು ಮನೆಮಾತಾಗಿದ್ದೂ ಇದೇ ಕಾರಣಕ್ಕೆ. ಮಂಗಳೂರು, ಕಾರವಾರಗಳ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಅಲ್ಲಿ ಪರಿಮಳ ಸಿಗುತ್ತದೆ, ತಂಪು ಸಿಗುವುದಿಲ್ಲ, ಮೇಲಾಗಿ ಸೆಕೆ ಹೆಚ್ಚಾದಂತೆ ಅನ್ನಿಸಬಹುದು. ಒಂದು ಪರದೆಗೆ ಹಿತ್ತಲಿನ ಒಂದೆರಡು ಬುಡ ಸಾಲದು ಎಂಬುದನ್ನೂ ನೆನಪಿಡಿ.

ಕುಡಿಯುವ ನೀರಿಗೆ ಹಾಕಬಹುದೇ?

ಹಾಕಬಹುದು, ಹಿಂದಿನಿಂದಲೂ ಹಾಕುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಉಶೀರ ಎಂದು ಹೆಸರು. ಜ್ವರದ ಬಾಯಾರಿಕೆಗೆ ಕೊಡುವ ಷಡಂಗ ಪಾನೀಯದ ಆರು ದ್ರವ್ಯಗಳಲ್ಲಿ ಇದೂ ಒಂದು. ಸಣ್ಣ ಹಿಡಿಯಷ್ಟು ಬೇರನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಮಡಕೆಯಲ್ಲಿ ಬಿಡಿ. ನೀರನ್ನು ದಿನವೂ ಬದಲಿಸಿ. ಮೂರು ದಿನಕ್ಕೊಮ್ಮೆ ಗಂಟನ್ನು ತೆಗೆದು ಒಣಗಿಸಿ. ಬೇರು ಮೆತ್ತಗಾಗಿ ಲೋಳೆಯಾದಂತೆ ಕಂಡರೆ ಬಿಸಾಡಿ.

ಇಲ್ಲಿ ಶುಚಿತ್ವದ ವಿಷಯದಲ್ಲಿ ರಾಜಿ ಬೇಡ. ಲಾವಂಚ ಕೊಳೆನೀರಿನ ಲೋಹಗಳನ್ನೂ ಹೀರಿಕೊಂಡು ಬೇರಿನಲ್ಲಿ ಇಟ್ಟುಕೊಳ್ಳಬಲ್ಲ ಸಸ್ಯ. ಬಚ್ಚಲ ನೀರು ಹರಿಯುವ ಕಡೆ, ಚರಂಡಿಯ ಪಕ್ಕ, ಕಾರ್ಖಾನೆಯ ಹತ್ತಿರ ಬೆಳೆದದ್ದನ್ನು ಬೀಸಣಿಗೆಗೆ ಬಳಸಿ, ಬಾಯಿಗೆ ಬೇಡ. ಅಂಗಡಿಯಲ್ಲಿ ಕರಕುಶಲಕ್ಕೆಂದು ಮಾರುವ ಬೇರೂ ಕುಡಿಯುವ ನೀರಿಗೆ ಸಲ್ಲದು. ಗರ್ಭಿಣಿಯರು ಮತ್ತು ನಿತ್ಯ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬಳಸಲಿ. ಅಂದ ಹಾಗೆ, ಬಾಟಲಿಯ ಖಸ್ ಶರಬತ್ತಿನ ಕಡುಹಸಿರು ಬೇರಿನಿಂದ ಬಂದದ್ದಲ್ಲ. ಬೇರು ಕಂದು, ಅದರ ನೀರಿಗೆ ತೆಳು ಹೊಂಬಣ್ಣ ಅಷ್ಟೇ.

ತಲೆಗೆ ಹಚ್ಚುವ ಎಣ್ಣೆ?

ಪೂರ್ತಿ ಒಣಗಿದ ಬೇರಿನ ಚೂರುಗಳನ್ನು ಗಾಜಿನ ಸೀಸೆಗೆ ಅರ್ಧ ತುಂಬಿ, ಮುಳುಗುವವರೆಗೆ ಕೊಬ್ಬರಿ ಎಣ್ಣೆ ಹಾಕಿ, ಎರಡು ವಾರ ಎಳೆಬಿಸಿಲಿನಲ್ಲಿ ಇಟ್ಟು ಸೋಸಿಕೊಳ್ಳಿ. ಬೇರಿನಲ್ಲಿ ತೇವ ಉಳಿದಿದ್ದರೆ ಎಣ್ಣೆ ಕನರು ಹಿಡಿಯುತ್ತದೆ. ಲಾವಂಚಕ್ಕೆ ನೀರು ಬೇಡವಾದ ಒಂದೇ ಕೆಲಸ ಇದು.

ಮನೆಯಲ್ಲೇ ಅತ್ತರು ತೆಗೆಯಬಹುದೇ?

ಆ ಆಸೆ ಬಿಡಿ ಎನ್ನುತ್ತೇನೆ. ಲಾವಂಚದ ಎಣ್ಣೆ ಗಾಢ, ನಿಧಾನವಾಗಿ ಆವಿಯಾಗುವಂಥದು. ಅದಕ್ಕಾಗಿ ಭಟ್ಟಿಯನ್ನು ಹಗಲು ರಾತ್ರಿ ಉರಿಸಬೇಕಾಗುತ್ತದೆ. ಕುಕ್ಕರಿಗೆ ಕೊಳವೆ ಸಿಕ್ಕಿಸಿ ಮಾಡುವ ಪ್ರಯೋಗಗಳು ಅಪಾಯಕಾರಿ, ಸಿಗುವುದೂ ಪರಿಮಳದ ನೀರಷ್ಟೇ. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಗಳಲ್ಲಿ ಇಳಿಸುವ ರೂಹ್ ಖಸ್ ಎಂಬ ಲಾವಂಚದ ಎಣ್ಣೆಗೆ ಹಸಿರು ಛಾಯೆ ಬರುವುದು ಆ ತಾಮ್ರದಿಂದ. ಅದು ತಲೆಮಾರುಗಳ ವಿದ್ಯೆ. ಎಣ್ಣೆಗಾಗಿಯೇ ಬೆಳೆಯಬೇಕೆನ್ನುವವರಿಗೆ ಲಖನೌದ ಸೀಮ್ಯಾಪ್ (ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರ ಸಂಸ್ಥೆ) ಧಾರಿಣಿ, ಗುಲಾಬಿ, ಕೇಸರಿ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ಅದರ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನಲ್ಲೂ ಇದೆ.

ಮಾಡಿಟ್ಟ ವಸ್ತುವಿನ ಪರಿಮಳ ಹೋಗಿದೆ. ಎಸೆನ್ಸ್ ಹಾಕಬಹುದೇ?

ಖಂಡಿತ ಬೇಡ. ಪರಿಮಳ ಬಹುತೇಕ ಹೋಗಿರುವುದಿಲ್ಲ, ದೂಳು ಮುಚ್ಚಿರುತ್ತದೆ. ತಣ್ಣೀರಿನಲ್ಲಿ ಅದ್ದಿ, ಮೆತ್ತಗೆ ಜಾಲಾಡಿ, ನೆರಳಿನಲ್ಲಿ ಆರಿಸಿ ನೋಡಿ. ಒಳ್ಳೆಯ ಬೇರು ವರ್ಷಗಟ್ಟಲೆ ಹೀಗೆ ಮರಳಿ ಮರಳಿ ಘಮ ಕೊಡುತ್ತದೆ. ಒಮ್ಮೆ ಕೃತಕ ಎಸೆನ್ಸ್ ಹಾಕಿದಿರೋ, ಅದರ ವಾಸನೆಯೇ ಬೇರಿಗೆ ಅಂಟಿ, ಲಾವಂಚದ್ದು ಮತ್ತೆಂದೂ ಮೂಗಿಗೆ ಬೀಳುವುದಿಲ್ಲ. ವಾರ್ನಿಷ್ ಮತ್ತು ಬಣ್ಣಕ್ಕೂ ಇದೇ ಮಾತು. ಹೊಳಪಿಗಾಗಿ ವಾರ್ನಿಷ್ ಬಳಿದ ಲಾವಂಚದ ಗೊಂಬೆಗಳನ್ನು ನೋಡಿದ್ದೇನೆ. ಬೇರಿನ ಬಾಯಿ ಕಟ್ಟಿದ ಹಾಗೆ, ನೀರು ಒಳಗಿಳಿಯುವುದಿಲ್ಲ. ಅದನ್ನು ಲಾವಂಚದಿಂದ ಮಾಡಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮಳೆಗಾಲದಲ್ಲಿ ಬೂಷ್ಟು ಬಂದರೆ?

ಮಲೆನಾಡು, ಕರಾವಳಿಯವರಿಗೆ ಇದು ನಿಜವಾದ ತೊಂದರೆ. ಬಿಳಿಯ ಹುಡಿ ಮೇಲ್ಮೈಯಲ್ಲಷ್ಟೇ ಇದ್ದರೆ ಹೊರಗೆ ಒಯ್ದು ಬ್ರಷ್‌ನಿಂದ ಉಜ್ಜಿ, ಒಂದು ದಿನ ಬಿಸಿಲು ಕಾಣಿಸಿ. ಈ ಒಂದು ಸಂದರ್ಭದಲ್ಲಿ ಬಿಸಿಲೇ ಬೇಕು. ಕಪ್ಪು ಕಲೆಯಾಗಿ ಒಳಗಿಳಿದಿದ್ದರೆ ಇಟ್ಟುಕೊಳ್ಳಬೇಡಿ. ಜೂನ್‌ಗೆ ಮುಂಚೆ ಎಲ್ಲವನ್ನೂ ಗರಿಗರಿಯಾಗಿ ಒಣಗಿಸಿ, ಕಾಗದದಲ್ಲಿ ಸುತ್ತಿ, ಅಡುಗೆಮನೆಯ ಅಟ್ಟದಲ್ಲಿ ಇಡುವುದು ಒಳ್ಳೆಯದು. ಒಲೆಯ ಬಿಸಿ ಅಲ್ಲಿಗೆ ತಾಗುತ್ತಿರುತ್ತದೆ.

ನಮ್ಮಲ್ಲಿ ಲ್ಯಾವೆಂಡರ್ ಗಿಡ ಇದೆ. ಇದೇ ವಿಧಾನ ಅದಕ್ಕೂ ಆಗುತ್ತದೆಯೇ?

ಇಲ್ಲ, ಅದರ ನಡತೆಯೇ ಬೇರೆ. ಲ್ಯಾವೆಂಡರಿನ ಪರಿಮಳ ಹೂವಿನಲ್ಲಿ. ಅದನ್ನು ಒದ್ದೆ ಮಾಡಬಾರದು, ಒಣಗಿಸಿ ಹೊಸಕಬೇಕು. ತೆನೆಯಲ್ಲಿ ಕೆಲವೇ ಹೂ ಅರಳಿದ್ದು ಉಳಿದವು ಮೊಗ್ಗಾಗಿರುವಾಗ, ಬೆಳಗಿನ ಇಬ್ಬನಿ ಆರಿದ ಮೇಲೆ, ಕಾಂಡ ಸಮೇತ ಕತ್ತರಿಸಿ. ಹೆಬ್ಬೆರಳು ದಪ್ಪದ ಸಣ್ಣ ಕಟ್ಟುಗಳಾಗಿ ಕಟ್ಟಿ, ಕತ್ತಲೆಯ ಗಾಳಿಯಾಡುವ ಕೋಣೆಯಲ್ಲಿ ಎರಡು ವಾರ ತಲೆಕೆಳಗಾಗಿ ತೂಗುಹಾಕಿ. ಮೊಗ್ಗುಗಳನ್ನು ಉದುರಿಸಿ ಹತ್ತಿಚೀಲಕ್ಕೆ ತುಂಬಿ. ಘಮ ಕಡಿಮೆಯಾದಾಗ ಚೀಲವನ್ನು ಅಂಗೈಯಲ್ಲಿ ಹಿಸುಕಿದರೆ ಮತ್ತೆ ಬರುತ್ತದೆ.

ಇಂಗ್ಲೆಂಡಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿರುವ ಕನ್ನಡಿಗರ ಮನೆಯಂಗಳದಲ್ಲಿ ಈ ಗಿಡ ಧಾರಾಳವಾಗಿ ಬೆಳೆಯುತ್ತದೆ. ಅಂಥವರು ರಿಬ್ಬನ್ ಹೆಣೆದ ಲ್ಯಾವೆಂಡರ್ ಕೋಲನ್ನು ಮಾಡಿ ನೋಡಬೇಕು. ಹಸಿಯಾದ ಕಾಂಡಗಳನ್ನು ಬೆಸ ಸಂಖ್ಯೆಯಲ್ಲಿ ತೆಗೆದುಕೊಂಡು, ಹೂಗಳ ಕೆಳಗೆ ಕಟ್ಟಿ, ಕಾಂಡಗಳನ್ನು ಹಿಂದಕ್ಕೆ ಬಗ್ಗಿಸಿ ಹೂಗಳನ್ನು ಪಂಜರದಂತೆ ಮುಚ್ಚಿ, ರಿಬ್ಬನ್ನನ್ನು ಒಂದರ ಮೇಲೆ ಒಂದರ ಕೆಳಗೆ ಹಾಯಿಸುತ್ತ ಸುತ್ತಬೇಕು. ಬೆಸ ಸಂಖ್ಯೆಯಿದ್ದರೆ ಮಾತ್ರ ಪ್ರತಿ ಸುತ್ತಿನಲ್ಲೂ ಹೆಣಿಗೆ ಅದಲುಬದಲಾಗಿ ಬರುತ್ತದೆ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಹಳೆಯ ಕೈಕೆಲಸ ಇದು.

ಬೆಂಗಳೂರಿನ ನರ್ಸರಿಗಳಲ್ಲಿ ಸಿಗುವ ಲ್ಯಾವೆಂಡರ್‌ಗಳು ಬಹುಮಟ್ಟಿಗೆ ಕರ್ಪೂರದ ಛಾಯೆಯಿರುವ ಜಾತಿಗಳು. ಒಳ್ಳೆಯ ಎಣ್ಣೆ ಕೊಡುವ ಜಾತಿಗೆ ಚಳಿಗಾಲದ ಕಡುಚಳಿ ಬೇಕು. ಭಾರತದಲ್ಲಿ ಅದು ಚೆನ್ನಾಗಿ ಒಗ್ಗಿರುವುದು ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾದಂಥ ಬೆಟ್ಟದ ಊರುಗಳಿಗೆ. ನಮ್ಮ ಸೆಕೆ ಮತ್ತು ಮಳೆಗೆ ಲಾವಂಚವೇ ಸರಿ.

ಮಾಡಿ ಮಾರಬಹುದೇ?

ಮಾರಬಹುದು, ಸ್ವಸಹಾಯ ಸಂಘಗಳ ಮಹಿಳೆಯರಿಗೆ ಒಳ್ಳೆಯ ಕಸುಬು. ಬೆಲೆ ಕಟ್ಟುವಾಗ ತೊಳೆದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೆಣೆದ ಹೊತ್ತಿಗಷ್ಟೇ ಕೂಲಿ ಹಾಕಿಕೊಂಡು ನಷ್ಟಪಡುವವರೇ ಹೆಚ್ಚು. ಕೊಂಡವರಿಗೆ ಒಂದು ಚೀಟಿಯಲ್ಲಿ, ಇದಕ್ಕೆ ಆಗಾಗ ನೀರು ಚಿಮುಕಿಸಿ ನೆರಳಿನಲ್ಲಿ ಆರಿಸಿ ಎಂದು ಬರೆದುಕೊಡಿ. ಇಲ್ಲದಿದ್ದರೆ ಅವರು ಗಾಜಿನ ಕಪಾಟಿನಲ್ಲಿಟ್ಟು, ಆರು ತಿಂಗಳಿಗೆ ವಾಸನೆ ಹೋಯಿತು ಎನ್ನುತ್ತಾರೆ.

ಉಳಿದ ಎಲೆ, ಹಳೆಯ ಬೇರು ಏನು ಮಾಡಲಿ?

ಎಳೆಯ ಎಲೆಯನ್ನು ದನ ತಿನ್ನುತ್ತದೆ. ಬಲಿತದ್ದನ್ನು ಗಿಡಗಳ ಬುಡಕ್ಕೆ ಮುಚ್ಚಿಗೆಯಾಗಿ ಹಾಕಿ, ನಿಧಾನವಾಗಿ ಕೊಳೆಯುವುದರಿಂದ ಬೇಸಗೆಯುದ್ದಕ್ಕೂ ತೇವ ಕಾಯುತ್ತದೆ. ಸವೆದ ಸಿಂಬೆ, ಹಳೆಯ ಉಂಡೆಗಳನ್ನು ತೊಳೆದು ಒಣಗಿಸಿ ಸಣ್ಣಗೆ ಕತ್ತರಿಸಿಟ್ಟುಕೊಳ್ಳಿ. ಸಂಜೆ ಧೂಪ ಹಾಕುವಾಗ ಕೆಂಡದ ಮೇಲೆ ಸಾಂಬ್ರಾಣಿಯ ಜೊತೆ ಒಂದು ಚಿಟಿಕೆ ಉದುರಿಸಬಹುದು. ಒಮ್ಮೆಲೇ ಹೆಚ್ಚು ಹಾಕಿದರೆ ಹೊಗೆ ಕಟ್ಟುತ್ತದೆ, ಉಬ್ಬಸ ಇರುವವರ ಎದುರು ಹಾಕಬೇಡಿ. ಸಾಬೂನು ಸೋಕಿದ ಉಂಡೆಗಳನ್ನು ಮಾತ್ರ ಸುಡಬೇಡಿ, ಅವು ಗೊಬ್ಬರದ ಗುಂಡಿಗೆ ಹೋಗಲಿ.